ಮೃಗದ ಕುಂಟುಗಾಲು

ಪ್ರಾಗ್ ಕಡೆಯ ಪಂಚಾಂಗದಲ್ಲಿ ದಿನಕ್ಕೊಂದು ಹೆಸರಿನ ಹಬ್ಬ; ಮೇ ತಿಂಗಳ ಹತ್ತನೆಯ ತಾರೀಕು ಬ್ಲಾಜೆನಾ ಎಂಬ ಹೆಸರಿನವರದು. ಅಂದು ಲೀಪಿನಾ ಊರಿನಲ್ಲಿ ಆ ಹೆಸರು ಹೊತ್ತ ಹೆಂಗಸರೆಲ್ಲ ಕೈಯಲ್ಲಿ ಹೂವು ಹಿಡಿದು ಓಡಾಡುತ್ತಾರೆ. ಬ್ಲಾಜೆನಾ ಸೆಡ್ಲಾರೋವಾ ಮಾತ್ರ ಬಾಗಿಲ ಚಿಲಕ ಹಾಕಿ, ಕರೆಗಂಟೆಯ ತಂತಿಯನ್ನು ಕಿತ್ತಿಟ್ಟು, ಕಿಟಕಿಯ ಪರದೆ ಎಳೆದು ಒಳಗೆ ಕುಳಿತಿರುತ್ತಾಳೆ. ಗಂಡ ಸತ್ತ ದಿನವಿರಬೇಕು, ಪಾಪ, ಎಂದು ಅಕ್ಕಪಕ್ಕದವರು ತಾವೇ ತೀರ್ಮಾನಿಸಿಕೊಂಡಿದ್ದರು. ಗಂಡ ಸತ್ತದ್ದು ನವೆಂಬರಿನಲ್ಲಿ, ಅದೂ ವಿಚ್ಛೇದನ ಪಡೆದು ಬೇರೊಬ್ಬಳ ಮನೆಯಲ್ಲಿ. ಆದರೆ ಅನ್ಯರ ಅನುಕಂಪವನ್ನು ತಿದ್ದುವುದು ತನ್ನ ಕೆಲಸವಲ್ಲವೆಂದು ಬ್ಲಾಜೆನಾ ಸುಮ್ಮನಿದ್ದಳು. ನಿಜವಾದ ಕಾರಣ ಗೊತ್ತಾಗುವುದಕ್ಕಿಂತ ಸತ್ತ ಗಂಡನೇ ವಾಸಿ ಎಂಬುದು ಆಕೆಯ ಲೆಕ್ಕ.

ಆಕೆಯ ತಂದೆ ಊರಿನ ಪಾದರಕ್ಷೆ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುತ್ತಿದ್ದವನು. ಆಕೆಯೂ ಅಲ್ಲಿಯೇ ಮನೆಚಪ್ಪಲಿಗಳಿಗೆ ಉಣ್ಣೆಯ ಒಳಪದರ ಹೊಲಿಯುತ್ತಿದ್ದಳು. ಬೆಟ್ಟದ ಮೇಲಿನ, ಸಿನಿಮಾ ತೆಗೆಯುವ ಚಿತ್ರಶಾಲೆಯವರಿಗೆ ಬೊಂಬೆಗಳ ಮೈಗೆ ಚರ್ಮ ಹೊಲಿಯಬಲ್ಲ ಸೂಜಿ ಬೇಕಾದಾಗ ಕಾರ್ಖಾನೆಯವರು ಆಕೆಯನ್ನು ಕಳುಹಿಸಿಕೊಟ್ಟರು. ಅಲ್ಲಿ ಬೊಂಬೆಯ ಕೈಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಮತ್ತೊಂದು ಚಿತ್ರ ಎಂದು ಹಿಡಿಯುತ್ತಿದ್ದರು. ಓಡಿಸಿ ನೋಡಿದರೆ ಬೊಂಬೆ ತಾನಾಗಿ ನಡೆಯುತ್ತಿತ್ತು. ಹಾಗೆ ನಡೆಸುವವರೆಲ್ಲ ಗಂಡಸರು. ಬಟ್ಟೆ, ಕೂದಲು, ಚರ್ಮ ಹೆಂಗಸರ ಪಾಲು. ಬ್ಲಾಜೆನಾ ವರ್ಷಗಟ್ಟಲೆ ಒಂದೇ ಮಾತು ಕೇಳುತ್ತ ಬಂದಳು: ಇದರ ಚರ್ಮ ಹೊಲಿದವಳು ನಾನು, ಕೀಲು ಎಲ್ಲಿ ಮಡಿಯುತ್ತದೆಂದು ನನಗೆ ಗೊತ್ತು, ನನಗೂ ಒಮ್ಮೆ ನಡೆಸಲು ಕೊಡಿ. ಅವರು ವರ್ಷಗಟ್ಟಲೆ ಒಂದೇ ಉತ್ತರ ಕೊಡುತ್ತ ಬಂದರು: ನೋಡೋಣ.

ಆ ನೋಡುವ ಕಾಲ ಒಂದು ಫುಟ್‌ಬಾಲ್ ಪಂದ್ಯದಿಂದ ಕೂಡಿಬಂದಿತು. ಚಿತ್ರಶಾಲೆಯವರಿಗೂ ಅಗ್ನಿಶಾಮಕ ದಳದವರಿಗೂ ನಡೆದ ಪಂದ್ಯದಲ್ಲಿ ಬೊಂಬೆ ನಡೆಸುವವರಲ್ಲಿ ಮುಖ್ಯನಾದ ವ್ಲಸ್ತಿಮಿಲ್ ಹುರ್ತಾ ಮಣಿಕಟ್ಟು ಮುರಿದುಕೊಂಡ. ಆಗ ಒಂದು ರಾಜಕುಮಾರಿಯ ಕಥೆ ಚಿತ್ರವಾಗುತ್ತಿತ್ತು. ರಾಜಕುಮಾರಿ, ಕುದುರೆ, ಸೇತುವೆ ಎಲ್ಲವೂ ನಿಜದ್ದು. ಜೌಗಿನಿಂದ ಎದ್ದು ಬರುವ ಮೃಗ ಮಾತ್ರ ಮೊಲದ ಚರ್ಮ ಹೊದ್ದ ಬೊಂಬೆ. ಅದು ಜೊಂಡಿನ ನಡುವಿನಿಂದ ಹೊರಬಂದು ಸೇತುವೆಯತ್ತ ನಡೆಯುವ ಮೊದಲ ತುಣುಕನ್ನು ನಿರ್ದೇಶಕ, ಬೇರೆ ದಾರಿ ಕಾಣದೆ, ಬ್ಲಾಜೆನಾಳಿಗೆ ಒಪ್ಪಿಸಿದ. ತೆರೆಯ ಮೇಲೆ ಅದು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನದು. ಕೈಗೆ ಎರಡು ದಿನದ ಕೆಲಸ.

ಅಂಥ ಕೆಲಸ ನಡೆಯುವಾಗ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ. ದೀಪ ಉರಿಯುತ್ತಿರುವಾಗ ಮಂತ್ರಿ ಬಂದರೂ ಹೊರಗೇ ನಿಲ್ಲಬೇಕು. ನೆಲದ ಹಲಗೆ ಕದಲಿದರೆ ಜೊಂಡು ಕದಲುತ್ತದೆ, ಜೊಂಡು ಕದಲಿದರೆ ಕೆಲಸ ಕೆಟ್ಟಂತೆ. ಆದರೆ ಎರಡನೆಯ ದಿನ ಮೇ ಹತ್ತು. ಮಂತ್ರಿಗಾಗಿ ಆರದ ದೀಪ ಹೆಸರಿನ ಹಬ್ಬಕ್ಕೆ ಆರುತ್ತದೆ. ಹಬ್ಬದವಳು ತಾನೇ ಜೊತೆಗಾರರಿಗೆ ತಿನ್ನಿಸಿ ಕುಡಿಸಬೇಕು. ಅದರಲ್ಲಿಯೂ ಈಗಷ್ಟೇ ಗಂಡಸರ ಕೆಲಸಕ್ಕೆ ಕೈ ಹಾಕಿದವಳು ತಪ್ಪಿಸಿಕೊಂಡರೆ ಜುಗ್ಗಿ ಎಂಬ ಹೆಸರು ಸಾಯುವವರೆಗೂ ಅಂಟಿಕೊಳ್ಳುತ್ತದೆ. ಹಿಂದಿನ ಸಂಜೆಯೇ ಆಕೆ ಬ್ರೆಡ್ಡಿನ ಹೋಳುಗಳ ಮೇಲೆ ಆಲೂಗಡ್ಡೆಯ ಪಲ್ಯ ಬಳಿದು, ಹಂದಿಮಾಂಸದ ತೆಳುಪದರ, ಮೊಟ್ಟೆಯ ಬಿಲ್ಲೆ, ಉಪ್ಪಿನಕಾಯಿ ಸೌತೆ ಜೋಡಿಸಿ ಎರಡು ತಟ್ಟೆ ಸಿದ್ಧಮಾಡಿದ್ದಳು. ಹತ್ತು ಗಂಟೆಗೆ ಬಾಗಿಲು ತಟ್ಟಿದವರಿಗೆ ದೀಪ ಆರಿಸಿ ಬಾಗಿಲು ತೆರೆದವಳೂ ಆಕೆಯೇ. ಮೃಗ ಎಡಗಾಲನ್ನು ಆಗತಾನೆ ಊರಿ ನಿಂತಿತ್ತು.

ತಿಂದರು, ಕುಡಿದರು, ಕೆನ್ನೆಗೆ ಮುತ್ತಿಟ್ಟರು, ಒಂದು ಹಾಡು ಹೇಳಿ ಹೋದರು. ಬ್ಲಾಜೆನಾ ಕೈ ತೊಳೆದುಕೊಂಡು ಬಂದು ಮೃಗದ ಎಡಗಾಲನ್ನು ಎತ್ತಿದಳು. ಬಲಗಾಲು ಎತ್ತಬೇಕಾಗಿತ್ತು ಎಂಬುದು ತಲೆಗೆ ಹೊಳೆಯುವ ಹೊತ್ತಿಗೆ ಹಲವು ಚಿತ್ರಗಳು ಕ್ಯಾಮೆರಾದ ಹೊಟ್ಟೆ ಸೇರಿದ್ದವು, ಅವನ್ನು ಅಳಿಸುವ ಉಪಾಯ ಭೂಮಿಯ ಮೇಲೆ ಇರಲಿಲ್ಲ. ತಪ್ಪನ್ನು ಮುಚ್ಚಲು ಸೊಂಟವನ್ನು ಸ್ವಲ್ಪ ಕುಸಿಸಿದಳು. ಮುಂದಿನ ಹೆಜ್ಜೆಗಳನ್ನೆಲ್ಲ ದೇವರು ಮೆಚ್ಚುವಂತೆ ಇಟ್ಟಳು. ಯಾರಿಗೂ ಕಾಣಲಾರದೆಂದು ನಂಬಿದಳು.

ಫಿಲ್ಮು ತೊಳೆಯುವ ಪ್ರಯೋಗಾಲಯದಿಂದ ಚಿತ್ರ ಬರುವ ಹೊತ್ತಿಗೆ ಜೌಗನ್ನು ಕಿತ್ತು ಅಲ್ಲಿ ಮಕ್ಕಳ ಚಿತ್ರವೊಂದಕ್ಕೆ ಅಡುಗೆಮನೆ ಕಟ್ಟಿದ್ದರು. ತೆರೆಯ ಮೇಲೆ ಮೃಗ ಜೊಂಡು ಸರಿಸಿ ಬಂದಿತು, ನಡೆಯಿತು, ತಟ್ಟನೆ ಒಂದು ಕಡೆಗೆ ಕುಸಿಯಿತು, ಸಾವರಿಸಿಕೊಂಡು ಮುಂದೆ ಬಂದಿತು. ನಿರ್ದೇಶಕ ಮತ್ತೊಮ್ಮೆ ಹಾಕಿಸಿ ನೋಡಿದ.

"ಇದು ಕುಂಟತ್ತೆ," ಎಂದ ಕೊನೆಗೆ.

ಕುರ್ಚಿಯಿಂದ ಎದ್ದು ನಿಂತ.

"ಒಳ್ಳೇದೇ ಆಯ್ತು. ಇನ್ಮೇಲೆ ಕುಂಟಿಸಿ."

ವ್ಲಸ್ತಿಮಿಲ್ ಮಣಿಕಟ್ಟು ವಾಸಿಯಾದ ಮೇಲೆ ಬಂದು ಉಳಿದ ಚಿತ್ರದುದ್ದಕ್ಕೂ ಮೃಗವನ್ನು ಕುಂಟಿಸಿದ. ಬ್ಲಾಜೆನಾಳನ್ನು ಚರ್ಮದ ಕೋಣೆಗೆ ಹಿಂದಕ್ಕೆ ಕಳುಹಿಸಿದರು. ಕೈ ಒಳ್ಳೆಯದು, ತಲೆ ಹಬ್ಬದಲ್ಲಿರುತ್ತದೆ ಎಂದರು. ಚಿತ್ರಶಾಲೆ ಮುಚ್ಚುವವರೆಗೂ ಆಕೆ ಅಲ್ಲಿಯೇ ಹೊಲಿದಳು. ಆ ಒಂದು ನಡಿಗೆಯನ್ನು ಬಿಟ್ಟರೆ ಬೇರೊಂದು ಬೊಂಬೆಯನ್ನು ನಡೆಸುವ ಅವಕಾಶ ಆಕೆಗೆ ದೊರೆಯಲಿಲ್ಲ. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಆಕೆಯ ಹೆಸರು ಇರಲಿಲ್ಲ.

ಇತ್ತ ಕುಂಟು ಮಾತ್ರ ಊರೂರು ಸುತ್ತಿತು. ವಿದೇಶದ ಉತ್ಸವದಲ್ಲಿ ಬಹುಮಾನ ಬಂದಿತು. ಆ ಕುಂಟಿನಲ್ಲಿ ಗಾಯಗೊಂಡ ದೇಶವಿದೆ ಎಂದು ಒಬ್ಬ ವಿಮರ್ಶಕ ಬರೆದ. ದೇಶವಲ್ಲ, ಮನುಷ್ಯನೇ ಹಾಗೆ ಎಂದು ಇನ್ನೊಬ್ಬ ತಿದ್ದಿದ. ಪ್ರಾಗ್ ನಗರದ ಡಾಕ್ಟರ್ ಎವೆಲೀನಾ ಎಂಬ ವಿದುಷಿ ಅದರ ಮೇಲೆಯೇ ಒಂದು ಪುಸ್ತಕ ಬರೆದು ಪ್ರಾಧ್ಯಾಪಕಿಯಾದಳು. ಪ್ರತಿ ಸಂದರ್ಶನದಲ್ಲಿಯೂ ವ್ಲಸ್ತಿಮಿಲ್ ವಿನಯದಿಂದ ತಲೆ ತಗ್ಗಿಸುತ್ತಿದ್ದ. ಮೃಗ ಮೊದಲು ಕುಂಟಿದ್ದು ಯಾರ ಕೈಯಲ್ಲಿ ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ಅವನೂ ಹೇಳಲಿಲ್ಲ.

ಐವತ್ತು ವರ್ಷ ಕಳೆದ ಮೇಲೆ ಆ ಚಿತ್ರವನ್ನು ತೊಳೆದು, ಗೀರು ಅಳಿಸಿ, ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಲು ಪ್ರಾಗ್‌ನವರು ನಿರ್ಧರಿಸಿದರು. ಡಾಕ್ಟರ್ ಎವೆಲೀನಾ ಸಮಿತಿಯ ಮುಖ್ಯಸ್ಥೆ; ಕಂಪ್ಯೂಟರಿನ ಮುಂದೆ ಕುಳಿತು ನಿಜವಾಗಿ ದುಡಿಯುವವನು ಕ್ವಿದೊ ಎಂಬ ಸೌಮ್ಯ ತಂತ್ರಜ್ಞ. ಮೃಗದ ತುಪ್ಪಳ ಕಂದೋ ಬೂದುವೋ ಎಂದು ಕೇಳಲು ಕ್ವಿದೊ ಒಂದು ಮಧ್ಯಾಹ್ನ ಬ್ಲಾಜೆನಾಳ ಮನೆಗೆ ಬಂದ.

"ಬೂದು. ಕಾರ್ಖಾನೆ ಹೊಗೆ ಕೂತು ಕಂದಾಗಿತ್ತು," ಎಂದಳು ಆಕೆ. "ಶೂ ಬಿಚ್ಚಿಟ್ಟು ಬಾ. ಆ ಚಪ್ಪಲಿ ಹಾಕ್ಕೋ, ಅದಲ್ಲ, ಪಕ್ಕದ್ದು."

ಕಾಫಿ ಕುಡಿಯುತ್ತ ಕ್ವಿದೊ ತನ್ನ ಯಂತ್ರದ ಚಮತ್ಕಾರ ತೋರಿಸಿದ. ಹಳೆಯ ಚಿತ್ರವೊಂದರ ಬೊಂಬೆಹಕ್ಕಿ ಮೊದಲು ಎಂದಿನಂತೆ ಚಿಟಿಚಿಟಿ ಎಂದು ಅದುರುತ್ತ ರೆಕ್ಕೆ ಬಡಿಯಿತು. ಅವನು ಒಂದು ಗುಂಡಿ ಒತ್ತಿದ ಮೇಲೆ ಎಣ್ಣೆಯ ಮೇಲೆ ಎಣ್ಣೆ ಜಾರಿದಂತೆ ಹಾರಿತು.

"ಇದು ಕೃತಕ ಬುದ್ಧಿ, ಪಾನಿ ಬ್ಲಾಜೆನಾ," ಎಂದ ಅವನು. ಅಲ್ಲಿ ಹೆಸರಿನ ಮುಂದೆ ಹಿರಿಯ ಹೆಂಗಸಿಗೆ ಪಾನಿ, ಗಂಡಸಿಗೆ ಪಾನ್ ಸೇರಿಸಿಯೇ ಕರೆಯುವುದು. "ಒಂದು ಚಿತ್ರ, ಅದರ ಮುಂದಿನ ಚಿತ್ರ, ಎರಡನ್ನೂ ನೋಡತ್ತೆ. ಮಧ್ಯ ಏನಿರಬೇಕಿತ್ತು ಅಂತ ತಾನೇ ಊಹಿಸಿ ಬರೆಯತ್ತೆ."

"ನಡುವೆ ಒಂದು ಹೆಜ್ಜೆನೇ ಇಲ್ದಿದ್ರೆ?"

"ಅದನ್ನೂ ಬರೆಯತ್ತೆ. ಆದ್ರೆ ನಮ್ಮ ಕೆಲಸದಲ್ಲಿ ಹಾಗೆ ಮಾಡೋ ಹಾಗಿಲ್ಲ. ಚಲನೆ ಮುಟ್ಟಬಾರದು ಅಂತ ಡಾಕ್ಟರ್ ಎವೆಲೀನಾ ಕಟ್ಟುನಿಟ್ಟು. ಫಿಲ್ಮು ಹರಿದು ಹೋಗಿರೋ ಕಡೆ ಮಾತ್ರ ಅನುಮತಿ. ಅದಕ್ಕೂ ಆಗಿನ ಕೆಲಸಗಾರರು ಯಾರಾದ್ರೂ ಹೌದು ಅನ್ನಬೇಕು."

ಬ್ಲಾಜೆನಾ ಕಾಫಿ ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟಳು. ಜನ್ಮದಲ್ಲಿ ಸುಳ್ಳು ಹೇಳದವಳೆಂದು ಆಕೆಗೆ ತನ್ನ ಬಗ್ಗೆ ಅಭಿಮಾನವಿತ್ತು. ಆ ಅಭಿಮಾನವನ್ನು ಪಕ್ಕಕ್ಕೆ ಸರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಜೊಂಡಿನಿಂದ ಹೊರಗೆ ಬರೋ ಶಾಟು ಇದೆಯಲ್ಲ," ಎಂದಳು, "ಅದು ತೊಳೆಯೋವಾಗ ಹರೀತು. ಮಧ್ಯದ ಹೆಜ್ಜೆ ಹೋಯ್ತು. ಹಾಗೇ ಅಂಟಿಸಿಬಿಟ್ರು."

ಕ್ವಿದೊ ಕಣ್ಣರಳಿಸಿದ. "ಅಂದ್ರೆ ಆ ಕುಂಟು..."

"ಮೊದಲನೇದು ಮಾತ್ರ. ಅದನ್ನ ಸರಿಮಾಡು."

ಅವನು ಗೌರವದಿಂದ ಬರೆದುಕೊಂಡ. ಹಿರಿಯರ ಸಾಕ್ಷ್ಯವನ್ನು ನಂಬಬಾರದೆಂದು ಅವನ ಓದಿನಲ್ಲಿ ಎಲ್ಲಿಯೂ ಹೇಳಿರಲಿಲ್ಲ.

ಕೆಟ್ಟ ಹೆಜ್ಜೆಯ ಚಿತ್ರಗಳನ್ನು ಕಿತ್ತುಹಾಕಿ, ಹಿಂದಿನ ಮುಂದಿನ ಹೆಜ್ಜೆಗಳನ್ನು ಯಂತ್ರಕ್ಕೆ ಉಣಿಸಿ, ಅವನು ವಾರದೊಳಗೆ ಫಲವನ್ನು ತಂದು ತೋರಿಸಿದ. ಮೃಗ ಜೊಂಡಿನಿಂದ ಹೊರಬಂದು ಎಡ, ಬಲ, ಎಡ, ಬಲ ಎಂದು ಸೇತುವೆಯವರೆಗೆ ನಡೆಯಿತು. ಬ್ಲಾಜೆನಾ ಮತ್ತೆ ಮತ್ತೆ ಹಾಕಿಸಿ ನೋಡಿದಳು. ಅವನು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡಳು, ಎಲ್ಲಿಗೂ ಹೊರಟಿರಲಿಲ್ಲವಾದರೂ.

ಆದರೆ ತುಪ್ಪಳದ ಬಣ್ಣದ ಬಗ್ಗೆಯೇ ಎರಡನೆಯ ಅಭಿಪ್ರಾಯ ಕೇಳಲು ಕ್ವಿದೊ ವ್ಲಸ್ತಿಮಿಲ್‌ನ ಮನೆಗೂ ಹೋಗಿದ್ದ, ಹೋದವನು ಬಾಯಿಬಿಟ್ಟಿದ್ದ. ಮಾರನೆಯ ಬೆಳಿಗ್ಗೆ ವ್ಲಸ್ತಿಮಿಲ್ ಊರುಗೋಲು ಕುಟ್ಟುತ್ತ ಮೂರು ಮಹಡಿ ಹತ್ತಿ ಬಂದು ಹಳೆಯ ಸಲುಗೆಯ ಹೆಸರಿನಿಂದಲೇ ಕರೆದ.

"ಏನೇ ಬ್ಲಾಜೆಂಕಾ, ಮುಪ್ಪಿನಲ್ಲಿ ಮೃಗದ ಕಾಲಿಗೆ ಔಷಧಿ ಮಾಡಿಸ್ತಿದ್ದೀಯಂತೆ."

"ನಿನ್ನ ಮಂಡಿಗೂ ಹೇಳ್ಲಾ? ಒಳ್ಳೆ ಹುಡುಗ, ಮಾಡಿಕೊಡ್ತಾನೆ."

"ತಮಾಷೆ ಸಾಕು." ಅವನು ಕುರ್ಚಿಗೆ ಕುಸಿದು ಮೇಜಿನ ಮೇಲಿದ್ದ ಕೇಕನ್ನು ತಾನೇ ಕತ್ತರಿಸಿಕೊಂಡ. "ನಿನ್ನ ಮೃಗ ಸೇತುವೆ ತನಕ ಪೊಲೀಸ್ ಪೆರೇಡಿನ ಹಾಗೆ ನೆಟ್ಟಗೆ ಬಂದ್ರೆ, ಸೇತುವೆ ದಾಟಿದ ಮೇಲೆ ನನ್ನ ಮೃಗ ಯಾವ ಸುಖಕ್ಕೆ ಕುಂಟಬೇಕು?"

"ಅದನ್ನ ನಿನ್ನ ಡಾಕ್ಟರಮ್ಮನ್ನ ಕೇಳು. ದೇಶದ ಗಾಯ ಅಂತಾಳಲ್ಲ."

"ದೇಶದ ಗಾಯ ಅಲ್ಲ ಕಣೇ, ನಿನ್ನ ತಟ್ಟೆಯ ಹಂದಿಮಾಂಸ. ನಾನೂ ಎರಡು ಹೋಳು ತಿಂದಿದ್ದೆ, ಎಡಗೈಯಲ್ಲಿ." ಬಾಯಲ್ಲಿದ್ದುದನ್ನು ನುಂಗಿ ಮುಂದುವರಿಸಿದ. "ಆ ಕುಂಟು ಕಲಿಯೋಕೆ ನಾನು ಶೂ ಒಳಗೆ ಕಲ್ಲು ಹಾಕ್ಕೊಂಡು ಊರೆಲ್ಲ ಓಡಾಡ್ದೆ. ನನ್ನ ಹೆಂಡ್ತಿ ಜೊತೆಗೆ ಬರೋದೇ ಬಿಟ್ಲು. ನೀನು ಒಂದು ಸಲ ಎಡವಿದ್ದು. ನಾನು ಅದನ್ನ ನೂರು ಸಲ ಬೇಕಂತ ಎಡವಿದೀನಿ."

"ನೀನು ಎಡವಿ ಬಹುಮಾನ ತಗೊಂಡೆ. ನಾನು ಎಡವಿ ಚರ್ಮದ ಕೋಣೆಗೆ ಹೋದೆ."

ವ್ಲಸ್ತಿಮಿಲ್ ಕೇಕಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆದ. "ಹೋಗ್ಲಿ ಬಿಡು ಅನ್ನೋಕೆ ಬಂದಿದ್ದೆ."

"ಬಿಡಲ್ಲ. ನಾನು ಜೀವಮಾನದಲ್ಲಿ ನಡೆಸಿದ್ದು ಅದೊಂದು. ಅದು ಸರಿಯಾಗಿ ನಡೀಬೇಕು."

"ಕೇಕು ಒಣಗಿದೆ," ಎಂದು ಹೇಳಿ ಅವನು ಎದ್ದುಹೋದ.

ಬಿಡುಗಡೆಗೆ ಮೊದಲು ಲೀಪಿನಾ ಊರಿನ ಹಳೆಯ ಕೆಲಸಗಾರರಿಗೂ ಸಮಿತಿಯವರಿಗೂ ಪುರಭವನದಲ್ಲಿ ಒಂದು ಪ್ರದರ್ಶನ ಏರ್ಪಟ್ಟಿತು. ಬ್ಲಾಜೆನಾ ಎರಡನೆಯ ಸಾಲಿನಲ್ಲಿ ಕುಳಿತಳು. ಬೇರೆ ಜಾಗ ಖಾಲಿಯಿದ್ದರೂ ವ್ಲಸ್ತಿಮಿಲ್ ಬಂದು ಪಕ್ಕದಲ್ಲಿಯೇ ಕುಳಿತ. ಜೊಂಡು ಅಲುಗಾಡಿತು. ಮೃಗ ಹೊರಬಂದಿತು, ಸ್ವಚ್ಛವಾಗಿ, ಸರಾಗವಾಗಿ, ಸಂಜೆಯ ವಿಹಾರಕ್ಕೆ ಹೊರಟ ಸದ್ಗೃಹಸ್ಥನಂತೆ ಸೇತುವೆಯವರೆಗೆ ನಡೆಯಿತು. ಬ್ಲಾಜೆನಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಮೃಗ ಸೇತುವೆ ದಾಟಿತು. ದಾಟಿದ್ದೇ ತಡ, ಭೀಕರವಾಗಿ ಕುಂಟತೊಡಗಿತು.

"ಹಲಗೆ ಮೇಲೆ ಕಾಲು ಉಳುಕಿಸ್ಕೊಂಡಿರಬೇಕು," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ಸಭೆಯೆಲ್ಲ ನಕ್ಕಿತು. ಐವತ್ತು ವರ್ಷದಲ್ಲಿ ಆ ಮೃಗವನ್ನು ನೋಡಿ ಮಕ್ಕಳು ಅತ್ತಿದ್ದರು, ಪಂಡಿತರು ಬರೆದಿದ್ದರು; ನಕ್ಕವರಿರಲಿಲ್ಲ. ಅದು ಮುಂದೆ ಕುಂಟಿದಾಗಲೆಲ್ಲ ನಗು ಮತ್ತೆ ಎದ್ದಿತು. ರಾಜಕುಮಾರಿ ಹೆದರಿ ಚೀರಿದಾಗಲಂತೂ ಕೆಲವರು ಕಣ್ಣೊರೆಸಿಕೊಂಡರು. ವ್ಲಸ್ತಿಮಿಲ್ ಊರುಗೋಲಿನ ಹಿಡಿಯ ಮೇಲೆ ಗಲ್ಲವಿಟ್ಟು ಅಲುಗದೆ ಕುಳಿತಿದ್ದ.

ದೀಪ ಹೊತ್ತಿದೊಡನೆ ಡಾಕ್ಟರ್ ಎವೆಲೀನಾ ಎದ್ದು ನಿಂತಳು. ಅವಳು ಹಾದಿಯಲ್ಲಿ ರೈಲು ತಡವಾದರೂ ದನಿಯೆತ್ತದ ಹೆಂಗಸು, ಆಗಲೂ ಎತ್ತಲಿಲ್ಲ.

"ಕ್ವಿದೊ, ಆ ಶಾಟನ್ನ ಯಂತ್ರಕ್ಕೆ ಕೊಟ್ಟಿದ್ದು ಯಾರು?"

"ಅಲ್ಲಿ ಫಿಲ್ಮು ಹರಿದಿತ್ತು ಅಂತ..."

"ನೆಗೆಟಿವ್ ನಾನೇ ನೋಡಿದೀನಿ. ಎಲ್ಲೂ ಹರಿದಿಲ್ಲ. ಸಾಕ್ಷಿ ಯಾರು? ಯಾರನ್ನೂ ಕೇಳ್ದೆ ಯಂತ್ರದ ಮೋಜಿಗೆ ಮಾಡಿದ್ರಿ ಅಂತ ಬರ್ಕೊಳ್ಳಲಾ?"

ಕ್ವಿದೊ ಬ್ಲಾಜೆನಾಳತ್ತ ತಿರುಗಲಿಲ್ಲ. ಕೆಂಪಗಾಗಿ ತನ್ನ ಶೂಗಳನ್ನು ನೋಡಿಕೊಂಡ. ಹಾಗೆ ಬಿಟ್ಟಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಾನು ಮಾಡಿಸಿದ ಕೆಲಸಕ್ಕೆ ಬೇರೆಯವನು ಬೈಸಿಕೊಳ್ಳುವುದು ಬ್ಲಾಜೆನಾಳಿಗೆ ದಯೆಯಾಗಿ ಕಾಣಲಿಲ್ಲ, ಕಳ್ಳತನವಾಗಿ ಕಂಡಿತು. ಆಕೆ ಎದ್ದಳು.

"ಸಾಕ್ಷಿ ನಾನು. ಹೇಳಿದ್ದು ಸುಳ್ಳು. ಫಿಲ್ಮು ಹರೀಲಿಲ್ಲ. ಆ ಶಾಟು ನಂದು, ಅದರಲ್ಲಿ ತಪ್ಪಿತ್ತು, ತಿದ್ದಿಸ್ದೆ."

"ನಿಮ್ಮದಾ?" ಎವೆಲೀನಾ ಕನ್ನಡಕ ತೆಗೆದಳು. "ಮೃಗವನ್ನ ನಡೆಸಿದ್ದು ಪಾನ್ ಹುರ್ತಾ ಅಲ್ವಾ?"

ಎಲ್ಲರೂ ವ್ಲಸ್ತಿಮಿಲ್‌ನತ್ತ ನೋಡಿದರು. ಅವನು ಕುಳಿತಲ್ಲಿಂದಲೇ ಹೇಳಿದ: "ಅವಳದೇ. ನನ್ನ ಕೈಗೆ ಆಗ ಪ್ಲಾಸ್ಟರ್ ಇತ್ತು. ಕುಂಟು ಹುಟ್ಟಿಸಿದ್ದು ಅವಳು, ಸಾಕಿದ್ದು ನಾನು. ಇವತ್ತು ನಗು ಹುಟ್ಟಿಸಿದ್ದೂ ಅವಳೇ, ಅದನ್ನೂ ಬರ್ಕೊಳ್ಳಿ."

ಸಭೆಯಲ್ಲಿ ಒಂದು ಗುಜುಗುಜು ಹುಟ್ಟಿ, ಅದು ಚಪ್ಪಾಳೆಯಾಯಿತು. ಬ್ಲಾಜೆನಾ ಕೈಯೆತ್ತಿ ತಡೆದಳು.

"ಚಪ್ಪಾಳೆ ಯಾಕೆ ತಟ್ತೀರಿ? ಅದು ತಪ್ಪು. ಹೆಸರಿನ ಹಬ್ಬಕ್ಕೆ ಬ್ರೆಡ್ಡು ಹಂಚಿ ಬಂದೆ, ಯಾವ ಕಾಲು ಅಂತ ಮರೆತೆ. ಅಷ್ಟೇ."

"ಎಂಥ ವಿನಯ," ಎಂದಳು ಎವೆಲೀನಾ, ಪಕ್ಕದವನಿಗೆ.

"ಇದು ವಿನಯ ಅಲ್ಲ ತಾಯಿ. ವಿನಯ ನನಗೆ ಬರಲ್ಲ, ಬೇಕಾದ್ರೆ ಊರಲ್ಲಿ ಕೇಳಿ."

ಈ ಮಾತಿಗೂ ಚಪ್ಪಾಳೆ ಬಿದ್ದಿತು. ಆಕೆ ಎಷ್ಟು ಗಡುಸಾಗಿ ನಿರಾಕರಿಸಿದಳೋ ಅಷ್ಟು ಗಟ್ಟಿಯಾಗಿ ತಟ್ಟಿದರು. ನಿಜವನ್ನು ಕೇಳಲು ಅಲ್ಲಿ ಯಾರೂ ಬಂದಿರಲಿಲ್ಲ.

ಎರಡು ದಿನದ ಮೇಲೆ ಎವೆಲೀನಾ ಕ್ವಿದೊನನ್ನು ಕರೆದುಕೊಂಡು ಬ್ಲಾಜೆನಾಳ ಮನೆಗೆ ಬಂದಳು. ತಾನಾಗಿಯೇ ಶೂ ಬಿಚ್ಚಿದಳು. ಅಷ್ಟರ ಮಟ್ಟಿಗೆ ಬ್ಲಾಜೆನಾಳಿಗೆ ಅವಳ ಮೇಲೆ ಗೌರವ ಮೂಡಿತು. ವಿಷಯ ಸರಳವಾಗಿತ್ತು. ಕುಂಟು ಮೊದಲಿನಂತೆಯೇ ಇರುವುದಾದರೆ ಚಿತ್ರದ ಕೊನೆಯಲ್ಲಿ ಮೃಗವನ್ನು ನಡೆಸಿದವರೆಂದು ವ್ಲಸ್ತಿಮಿಲ್‌ನ ಹೆಸರಿನ ಕೆಳಗೆ ಬ್ಲಾಜೆನಾಳ ಹೆಸರು ಸೇರುತ್ತದೆ.

"ಸರಿಮಾಡಿದ ಶಾಟಿಗೆ ಹೆಸರು ಹಾಕಕ್ಕಾಗಲ್ವಾ?"

"ಆಗ ಆ ಹೆಜ್ಜೆ ನಿಮ್ಮದಲ್ಲವಲ್ಲ."

ಬ್ಲಾಜೆನಾ ಕ್ವಿದೊನ ಕಡೆ ತಿರುಗಿದಳು. "ಹಾಕು, ಇನ್ನೊಂದ್ಸಲ ನೋಡ್ತೀನಿ."

ಅವನು ಹಾಕಿದ. ಎಡ, ಬಲ, ಎಡ, ಬಲ.

"ಆ ಬಲಗಾಲು ಯಾರದು?"

"ಯಾರದೂ ಅಲ್ಲ, ಪಾನಿ ಬ್ಲಾಜೆನಾ. ಲೆಕ್ಕ."

"ಚೆನ್ನಾಗಿಟ್ಟಿದೆ."

"ಹೌದು."

"ನಾನು ಇಡ್ತಿದ್ದಕ್ಕಿಂತ ಚೆನ್ನಾಗಿ."

ಕ್ವಿದೊ ಸಂಸ್ಕಾರವಂತ, ತೆರೆಯ ಮೇಲಿಲ್ಲದ ಧೂಳನ್ನು ತೋಳಿನಿಂದ ಒರೆಸಿದ. ಆಕೆ ತೆರೆಗೆ ಮುಖವನ್ನು ಹತ್ತಿರ ತಂದಳು. ಮೃಗದ ಬೆನ್ನಿನ ತುಪ್ಪಳ ಒಂದೇ ಕಡೆಗೆ ಬಾಚಿದಂತೆ ಮಲಗಿತ್ತು. ತಾನು ಮುಟ್ಟಿದಾಗಲೆಲ್ಲ ಕೆದರುತ್ತಿದ್ದ ಕೂದಲು, ಎಷ್ಟು ಬೈಸಿಕೊಂಡರೂ ನಿಲ್ಲದೆ ತೆರೆಯ ಮೇಲೆ ಕುದಿಯುತ್ತಿದ್ದ ಆ ತುಪ್ಪಳ, ಈಗ ಅಲುಗುತ್ತಿರಲಿಲ್ಲ. ಯಾರೂ ಮುಟ್ಟದ ಮೃಗ ತಾನಾಗಿ ನಡೆಯುತ್ತಿತ್ತು. ಬೊಂಬೆ ಆಡಿಸುವವರು ಬಯಸುವುದು ಅದನ್ನೇ. ಆಡಿಸಿದವಳೂ ಬೇಕಾಗಿರಲಿಲ್ಲ ಎಂಬುದು ಅದರ ಇನ್ನೊಂದು ಅರ್ಥ.

ಒಂದು ಕಡೆ ದೋಷವಿಲ್ಲದ ನಡಿಗೆ, ಹೆಸರಿಲ್ಲ. ಇನ್ನೊಂದು ಕಡೆ ಹೆಸರು, ಹೆಸರಿನ ತಲೆಯ ಮೇಲೆ ಆ ಹಾಳು ಹೆಜ್ಜೆ. ಬ್ಲಾಜೆನಾ ಎದ್ದುಹೋಗಿ ಒಲೆಯ ಮೇಲೆ ನೀರಿಟ್ಟಳು. ಅತಿಥಿಗಳು ಅಡುಗೆಮನೆಯ ಸದ್ದನ್ನು ಕೇಳುತ್ತ ಕುಳಿತರು. ನೀರು ಕುದಿಯಿತು, ಕುದಿದು ಸುಮ್ಮನಾಯಿತು. ಆಕೆ ಬರಿಗೈಯಲ್ಲಿ ಹಿಂದಿರುಗಿದಳು.

"ತಪ್ಪನ್ನೇ ಹಾಕಿ," ಎಂದಳು. "ಆದ್ರೆ ಗಾಯ, ದೇಶ, ಅದು ಇದು ಅಂತ ಬರೀಬಾರದು."

"ಖಂಡಿತ ಇಲ್ಲ," ಎಂದಳು ಎವೆಲೀನಾ. ಅವಳ ಪುಸ್ತಕದ ಎರಡನೆಯ ಮುದ್ರಣಕ್ಕೆ ಹೊಸ ಅಧ್ಯಾಯವೊಂದು ಸೇರಿತು. ಗಾಯಗೊಂಡ ದೇಶದಲ್ಲಿ ಹೆಣ್ಣಿನ ಕೈ ಎಂಬುದು ಅದರ ವಿಷಯ.

ಚಿತ್ರ ಬಿಡುಗಡೆಯಾದದ್ದು ಚಳಿಗಾಲದಲ್ಲಿ, ಪ್ರಾಗ್‌ನ ದೊಡ್ಡ ಚಿತ್ರಮಂದಿರದಲ್ಲಿ. ಮೃಗ ಜೊಂಡಿನಿಂದ ಹೊರಬಂದು ಕುಸಿದಾಗ ಇಡೀ ಸಭೆ ಉಸಿರು ಬಿಗಿಹಿಡಿಯಿತು. ಬ್ಲಾಜೆನಾ ಮಾತ್ರ ಹಲ್ಲು ಕಚ್ಚಿ, ಚಿತ್ತಾರದ ಛಾವಣಿಯನ್ನು ದಿಟ್ಟಿಸುತ್ತಿದ್ದಳು. "ಆಯ್ತು, ಹೋಯ್ತು, ಕಣ್ಣಿಳಿಸು," ಎಂದ ವ್ಲಸ್ತಿಮಿಲ್ ಪಕ್ಕದಿಂದ. ಮುಂದೆ ಎಲ್ಲಿಯೂ ಯಾರೂ ನಗಲಿಲ್ಲ.

ಕಥೆ ಮುಗಿದು ರಾಜಕುಮಾರಿಯ ಮದುವೆಯಾಯಿತು. ಸಂಗೀತ ಎದ್ದಿತು, ಕಪ್ಪು ತೆರೆಯ ಮೇಲೆ ಹೆಸರುಗಳು ಏರತೊಡಗಿದವು. ಏರಿದ್ದೇ ತಡ, ಮುಂದಿನ ಸಾಲುಗಳವರು ಎದ್ದು ಕೋಟು ತೊಡಲು, ಶಾಲು ಸುತ್ತಲು, ಕೈಗವಸು ಹುಡುಕಲು ಆರಂಭಿಸಿದರು. ಬೆನ್ನುಗಳ ಗೋಡೆಯ ಆಚೆ ವ್ಲಸ್ತಿಮಿಲ್‌ನ ಹೆಸರಿನ ಮೇಲಿನರ್ಧ ಕಾಣಿಸುತ್ತಿತ್ತು.

ಬ್ಲಾಜೆನಾ ಎದ್ದು ನಿಂತಳು.

"ಕೂತ್ಕೊಳ್ಳಿ," ಎಂದಳು.

ಗಟ್ಟಿಯಾಗಿಯೇನೂ ಹೇಳಿರಲಿಲ್ಲ. ಮುಂದಿನ ಸಾಲಿನವರು ಹಿಂದೆ ತಿರುಗಿ ಆಕೆಯ ಮುಖ ನೋಡಿದರು, ಕುಳಿತರು. ಅವರ ಮುಂದಿನವರು ಏಕೆಂದು ತಿಳಿಯದೆ ಕುಳಿತರು. ಕೋಟಿನ ಒಂದೇ ತೋಳು ತೊಟ್ಟಿದ್ದವರು ಇನ್ನೊಂದು ತೋಳನ್ನು ಮಡಿಲಲ್ಲಿಟ್ಟುಕೊಂಡು, ವ್ಲಸ್ತಿಮಿಲ್‌ನ ಹೆಸರಿನ ಕೆಳಗಿದ್ದ ಆಕೆಯ ಹೆಸರು ಮೇಲೇರಿ ಮರೆಯಾಗುವವರೆಗೂ ಹಾಗೆಯೇ ಕುಳಿತಿದ್ದರು.